ಕೊಬ್ಬರಿ ಹೋರಿಯ ಋಣ

ಬಲಿಪಾಡ್ಯಮಿ ಮುಗಿಯಿತೆಂದರೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಹೋರಿಯದೇ ಮಾತು. ಎರಡೂ ಬದಿಗೆ ಗಳ ಕಟ್ಟಿ ಅಖಾಡ ಮಾಡಿರುತ್ತಾರೆ. ಹೋರಿಯ ಕೊರಳಿಗೆ ಒಣಕೊಬ್ಬರಿ ಸರ, ಕೊಂಬಿಗೆ ರಿಬ್ಬನ್ನು ಬಲೂನು, ಮೈಮೇಲೆ ಮಿರಿಮಿರಿ ಜೂಲ. ಹಗ್ಗ ಸಡಿಲಾದ ಕೂಡಲೇ ಅದು ಜನರ ನಡುವೆ ನುಗ್ಗುತ್ತದೆ. ದಾರಿಯುದ್ದಕ್ಕೂ ಕಾದು ನಿಂತ ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಹರಿದರೆ ಹಿಡಿದವನ ಗೆಲುವು, ಸರ ಉಳಿದರೆ ಹೋರಿಯ ಗೆಲುವು. ಬಹುಮಾನ ಬೈಕು, ಫ್ರಿಜ್ಜು, ಬಂಗಾರ. ಅದರಲ್ಲಿ ಹೋರಿಯ ಕೆಲಸಕ್ಕೆ ಬರುವಂಥದ್ದು ಒಂದೂ ಇಲ್ಲ.

ಅಮೆರಿಕದ ಫುಟ್‌ಬಾಲಿನಲ್ಲಿ ರನ್ನಿಂಗ್ ಬ್ಯಾಕ್ ಎಂಬ ಆಟಗಾರನ ಕೆಲಸವೂ ಹೆಚ್ಚುಕಡಿಮೆ ಇದೇ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಕೆಡವಲೆಂದೇ ನಿಂತ ಹನ್ನೊಂದು ಜನರ ನಡುವೆ ಸಂದು ಹುಡುಕಿ ಓಡಬೇಕು. ಮೈಗೆ ಪೆಟ್ಟು ಬೀಳುವುದು ಅವನಿಗೇ ಹೆಚ್ಚು, ಹಾಗಾಗಿ ಆಟದ ಆಯುಷ್ಯವೂ ಕಡಿಮೆ. ಆಟಗಾರರ ಸಂಘ ಕೊಡುವ ಲೆಕ್ಕದಲ್ಲಿ ರನ್ನಿಂಗ್ ಬ್ಯಾಕ್ ಒಬ್ಬನ ಸರಾಸರಿ ವೃತ್ತಿಜೀವನ ಸುಮಾರು ಎರಡೂವರೆ ವರ್ಷ. ಪಿಂಚಣಿಯ ಹಕ್ಕು ಬರಬೇಕಾದರೆ ಮೂರು ಸೀಸನ್ ಆಡಿರಬೇಕು. ಕಾಲು ನೆಟ್ಟಗಿರುವವರೆಗೆ ಒಂದು ತಂಡ, ಆಮೇಲೆ ಇನ್ನೊಂದು, ಮತ್ತೊಂದು. ಏಡ್ರಿಯನ್ ಪೀಟರ್ಸನ್ 2012ರಲ್ಲಿ ಒಂದೇ ಸೀಸನ್ನಿನಲ್ಲಿ 2,097 ಗಜ ಓಡಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. ಅಂಥವನೂ 2017ರಿಂದ 2021ರೊಳಗೆ ಆರು ತಂಡಗಳ ಅಂಗಿ ತೊಟ್ಟ. 1989ರಲ್ಲಿ ಹರ್ಷಲ್ ವಾಕರ್ ಎಂಬ ಓಟಗಾರನನ್ನು ಕೊಳ್ಳಲು ಮಿನೆಸೋಟ ತಂಡ ಐವರು ಆಟಗಾರರನ್ನೂ ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳನ್ನೂ ಡಲ್ಲಾಸಿಗೆ ಬಿಟ್ಟುಕೊಟ್ಟಿತು. ಮುಂದೆ ಚಾಂಪಿಯನ್ ಆದದ್ದು ಡಲ್ಲಾಸ್.

ಹೋರಿಯೂ ಹಾಗೆಯೇ ಕೈಯಿಂದ ಕೈಗೆ ದಾಟುತ್ತದೆ. ತಮಿಳುನಾಡಿನಿಂದ ಬಂದದ್ದು ಹಾನಗಲ್ಲಿನ ಹಳ್ಳಿಯೊಂದರಲ್ಲಿ ಹೆಸರು ಮಾಡುತ್ತದೆ. ಹೆಸರಾದ ಮೇಲೆ ಬೆಲೆ ಏರುತ್ತದೆ, ಬೆಲೆ ಏರಿದ ಮೇಲೆ ಶಿಕಾರಿಪುರದ ಕಡೆಯವರೋ ಹಿರೇಕೆರೂರಿನವರೋ ಕೇಳಿಕೊಂಡು ಬರುತ್ತಾರೆ. ಹುರುಳಿ, ಹತ್ತಿಕಾಳು, ಮೊಟ್ಟೆ ತಿನ್ನಿಸಿ, ಕೆರೆಯಲ್ಲಿ ಈಜಿಸಿ, ಮಗನಂತೆ ಸಾಕಿದವರೇ ಮಾರುತ್ತಾರೆ. ಮಾರುವಾಗ ಅಳುವವರೂ ಇದ್ದಾರೆ. ಆ ಅಳು ಸುಳ್ಳಲ್ಲ, ಎಣಿಸಿಕೊಂಡ ದುಡ್ಡೂ ಸುಳ್ಳಲ್ಲ.

ಪ್ರಶ್ನೆ ಹುಟ್ಟುವುದು ಇಲ್ಲಿಂದ. ತನ್ನದಲ್ಲದ ಕೀರ್ತಿಗೆ, ತನಗೆ ತಿಳಿಯದ ಬಹುಮಾನಕ್ಕೆ ಓಡುವ ಜೀವದ ಓಟ ಯಾರದು? ಅದರ ಫಲ ಯಾರಿಗೆ ಸಲ್ಲಬೇಕು?

ಶಾಸ್ತ್ರದ ಹಳೆಯ ಉತ್ತರ ತಣ್ಣಗಿದೆ: ಮನುಷ್ಯಜನ್ಮ ಕರ್ಮ ಮಾಡುವುದಕ್ಕೆ, ಪಶುಜನ್ಮ ಹಿಂದಿನದನ್ನು ಉಂಡು ತೀರಿಸುವುದಕ್ಕೆ. ಹೋರಿಗೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಅದು ಎಷ್ಟು ಓಡಿದರೂ ಜಮೆಯಾಗುವುದು ಯಜಮಾನನ ಖಾತೆಗೆ. ಈ ನಾಡಿನ ಶಿಲ್ಪಿಗಳೂ ಹೀಗೆಯೇ ಎಣಿಸಿದಂತಿದೆ. ತುರುಗೋಳಿನಲ್ಲಿ, ಅಂದರೆ ಊರ ದನ ಹೊಡೆದೊಯ್ಯುವ ದಾಳಿಯಲ್ಲಿ, ದನ ಬಿಡಿಸಿಕೊಳ್ಳಲು ಕಾದಾಡಿ ಸತ್ತವರ ವೀರಗಲ್ಲುಗಳನ್ನು ಹತ್ತಿರ ಹೋಗಿ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ ನಡೆದಿದೆ, ಪಕ್ಕದಲ್ಲಿ ದನಗಳು ಒಂದರ ಹಿಂದೊಂದು ಒತ್ತಿ ನಿಂತಿವೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕುಳಿತಿದ್ದಾನೆ. ಇಷ್ಟೆಲ್ಲ ನಡೆದದ್ದು ಯಾವ ದನಗಳಿಗಾಗಿಯೋ ಅವು ಕೆಳಗಿನ ಪಟ್ಟಿಕೆಯಲ್ಲೇ ಉಳಿದಿವೆ. ಮೇಲೆ ನಂದಿ ಇರುವುದುಂಟು, ಆದರೆ ಆತ ದೇವರ ಮನೆಯವನು, ಊರ ಹಟ್ಟಿಯಿಂದ ಹೋದವನಲ್ಲ.

ಹಾನಗಲ್ಲೇ ವಿರಾಟನಗರವೆಂದು ಊರಿನವರು ನಂಬಿಕೊಂಡು ಬಂದಿದ್ದಾರೆ. ಪಾಂಡವರು ಹೆಸರು ಬದಲಿಸಿ ಇನ್ನೊಬ್ಬರ ಮನೆಯಲ್ಲಿ ಚಾಕರಿ ಮಾಡಿದ ಕಥೆ ಅದು. ಸಹದೇವ ದನ ಕಾಯುತ್ತಾನೆ, ಕೌರವರು ದನ ಹೊಡೆದುಕೊಂಡು ಹೋಗುತ್ತಾರೆ, ಯುದ್ಧವಾಗುತ್ತದೆ. ಗೆದ್ದವನು ಬೃಹನ್ನಳೆಯ ವೇಷದ ಅರ್ಜುನ. ಊರು ಸಿಂಗರಿಸಿಕೊಂಡು ಜೈಕಾರ ಹಾಕಿದ್ದು ಉತ್ತರಕುಮಾರನಿಗೆ. ಪರರ ಹೆಸರಿನಲ್ಲಿ ಗೆದ್ದು ಸುಮ್ಮನಿರುವ ಸಂಕಟ ಈ ಕಥೆಗೆ ಚೆನ್ನಾಗಿ ಗೊತ್ತು. ಅಜ್ಞಾತವಾಸಕ್ಕೆ ಒಂದು ವರ್ಷದ ಅವಧಿಯಿತ್ತು, ಆಮೇಲೆ ಅರ್ಜುನನಿಗೆ ಅವನ ಹೆಸರು ಮರಳಿ ಸಿಕ್ಕಿತು. ಹೋರಿಗೆ ಅಂಥ ಅವಧಿ ಇಲ್ಲ.

ಸವಣೂರಿನಲ್ಲಿ ಉತ್ತರಾದಿ ಮಠದ ಸತ್ಯಬೋಧತೀರ್ಥರ ವೃಂದಾವನವಿದೆ. ಆ ಪರಂಪರೆಯ ಮಾಧ್ವ ಸಿದ್ಧಾಂತ ಈ ಪ್ರಶ್ನೆಗೆ ಬೇರೆಯದೇ ದಾರಿ ತೋರಿಸುತ್ತದೆ. ಸ್ವತಂತ್ರನು ಹರಿಯೊಬ್ಬನೇ, ಜೀವ ಪರಾಧೀನ. ಹಾಗೆಂದು ಜೀವ ಏನೂ ಮಾಡುವುದಿಲ್ಲವೆಂದಲ್ಲ. ಮಾಡುವವನು ಜೀವನೇ, ಮಾಡುವ ಶಕ್ತಿ ಮಾತ್ರ ಇನ್ನೊಬ್ಬನ ಅಧೀನ. ಈ ಮಾತನ್ನು ಅಖಾಡಕ್ಕೆ ತಂದರೆ ಆಚಾರ್ಯರು ಒಪ್ಪುತ್ತಾರೋ ಇಲ್ಲವೋ, ಹೋರಿ ಹಿಡಿಯುವ ಹುಡುಗರು ಒಪ್ಪುತ್ತಾರೆ. ಒಂದು ಹೋರಿ ಬೇಲಿಗೆ ಆತು ಓಡುತ್ತದೆ, ಇನ್ನೊಂದು ನಡುದಾರಿ ಬಿಡುವುದಿಲ್ಲ. ಮತ್ತೊಂದು ಕೈ ಹತ್ತಿರ ಬರುವವರೆಗೆ ತಡೆದು ತಟ್ಟನೆ ಭುಜ ಒದರಿ ಹೊರಳುತ್ತದೆ. ಅದನ್ನು ಯಜಮಾನ ಕಲಿಸಿದ್ದಲ್ಲ. ಹಗ್ಗ ಪರರ ಕೈಯಲ್ಲಿದ್ದರೂ ಓಟ ಹೋರಿಯದೇ. ಓಟ ಹೋರಿಯದೆಂದಾದರೆ ಬಹುಮಾನ ಒಯ್ದವನು ಸಾಲಗಾರನಾಗುತ್ತಾನೆ.

ನ್ಯಾಯಾಲಯಗಳೂ ಇದೇ ಗಂಟನ್ನು ಬಿಚ್ಚಲು ನೋಡಿವೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಹೋರಿ ಹಿಡಿಯುವ ಆಟವಾದ ಜಲ್ಲಿಕಟ್ಟನ್ನು ನಿಷೇಧಿಸಿ, ಪ್ರಾಣಿಗಳಿಗೂ ಘನತೆಯಿಂದ ಬದುಕುವ ಹಕ್ಕಿದೆ ಎಂದಿತು. ಕರ್ನಾಟಕ 2017ರಲ್ಲಿ ಕಂಬಳ ಮತ್ತು ಎತ್ತಿನಗಾಡಿ ಓಟದ ಪರವಾಗಿ ಕಾನೂನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕು ಕೊಡುವಷ್ಟು ದೂರ ಹೋಗಲು ಆ ಪೀಠ ಒಪ್ಪಲಿಲ್ಲ. ಇತ್ತ ಜನರ ಜೀವವೂ ಹೋಗುತ್ತಿದೆ. 2025ರ ದೀಪಾವಳಿಯಲ್ಲೂ ಹಾವೇರಿ ಜಿಲ್ಲೆಯಲ್ಲಿ ಹೋರಿ ಗುದ್ದಿ ಸತ್ತವರಿದ್ದಾರೆ.

ಹೋರಿ ಹಬ್ಬದ ಪರ ಇರುವವರು ಇದು ಸಂಪ್ರದಾಯ ಎನ್ನುತ್ತಾರೆ, ವಿರೋಧಿಗಳು ಹಿಂಸೆ ಎನ್ನುತ್ತಾರೆ. ಇಬ್ಬರ ಕಣ್ಣೂ ಓಟದ ಆ ಕೆಲವು ಕ್ಷಣಗಳ ಮೇಲೆಯೇ. ಇದಕ್ಕಿಂತ ಸೂಕ್ಷ್ಮವಾದ ಅಳತೆಗೋಲು ಇದೇ ನೆಲದಲ್ಲಿ ಸಾವಿರ ವರ್ಷದ ಹಿಂದೆ ಬಳಕೆಯಲ್ಲಿತ್ತು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಆಗ ಜೈನರ ದೊಡ್ಡ ಕೇಂದ್ರವಾಗಿತ್ತು. ಯುದ್ಧಗಳಲ್ಲಿ ಹೆಸರು ಮಾಡಿದ ಗಂಗ ದೊರೆ ಮಾರಸಿಂಹ 974ರ ಸುಮಾರಿಗೆ ಜೈನ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ಮಾಡಿ ದೇಹ ಬಿಟ್ಟದ್ದು ಇಲ್ಲಿಯೇ. ಜೈನ ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಟ್ಟುವ ದೋಷಗಳನ್ನು, ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ದನ ಸಾಕುವವನ ಹಟ್ಟಿಯನ್ನು ಕಣ್ಣಾರೆ ಕಂಡವರೇ ಮಾಡಿದ ಪಟ್ಟಿ ಇದು.

ಈ ಗೋಲಿನಲ್ಲಿ ಅಳೆದರೆ ಉತ್ತರ ಯಾರಿಗೂ ಪೂರ್ತಿ ಹಿಡಿಸುವುದಿಲ್ಲ. ಹೊಲದ ಎತ್ತಿಗೆ ಬೀಜ ಒಡೆಸುತ್ತಾರೆ, ಹೋರಿಗೆ ಅದು ತಪ್ಪುತ್ತದೆ. ಎತ್ತು ವರ್ಷವಿಡೀ ನೊಗ ಹೊರುತ್ತದೆ, ಓಟದ ಹೋರಿಗೆ ಆ ಭಾರವೂ ಇಲ್ಲ. ಉಣಿಸಿನಲ್ಲಂತೂ ಯಜಮಾನನ ಮಕ್ಕಳಿಗಿಂತ ಒಂದು ಕೈ ಮೇಲೆ. ಓಟದ ದಿನದ ಹೊಡೆತ, ಬಾಲ ತಿರುಚುವುದು, ಗದ್ದಲದಲ್ಲಿ ಹುಟ್ಟುವ ಭಯ, ಇವುಗಳಿಗೆ ಮಾಫಿ ಇಲ್ಲ. ಆದರೂ ದೊಡ್ಡ ಪರೀಕ್ಷೆ ಐದನೆಯ ಅತಿಚಾರದ್ದು, ಅದು ಎದುರಾಗುವುದು ಕಾಲು ಸೋತ ಮೇಲೆ. ರಾಜ್ಯದ 1964ರ ಕಾನೂನು 12 ವರ್ಷ ದಾಟಿದ ಹೋರಿ, ಎತ್ತುಗಳ ವಧೆಗೆ ಅವಕಾಶ ಬಿಟ್ಟಿತ್ತು. 2020ರ ಕಾನೂನು ಅದನ್ನು ಮುಚ್ಚಿತು. ಮುದಿ ಹೋರಿಗೆ ಸಾವಿನ ಭಯ ಕಾಗದದ ಮೇಲೆ ಕಡಿಮೆಯಾಯಿತು, ಮೇವಿನ ಖರ್ಚು ಮಾತ್ರ ಯಾರ ಪಾಲಿಗೆಂದು ಗೊತ್ತಾಗಲಿಲ್ಲ. ನಾಲ್ಕು ಕೈ ದಾಟಿದ ಹೋರಿಯ ಋಣ ಮೊದಲು ಸಾಕಿದವನದೋ, ಹೆಚ್ಚು ಗೆದ್ದವನದೋ, ಕೊನೆಗೆ ಕೊಂಡವನದೋ? ಕೊನೆಯವನ ತಲೆಗೇ ಎಲ್ಲವನ್ನೂ ಕಟ್ಟುವುದು ಅನ್ಯಾಯ. ಅವನ ಕೈಗೆ ಬರುವ ಹೊತ್ತಿಗೆ ಬೈಕುಗಳೆಲ್ಲ ಬೇರೆಯವರ ಮನೆ ಮುಂದೆ ನಿಂತಿರುತ್ತವೆ.

ಅಮೆರಿಕದ ಆಟಗಾರರು 1956ರಲ್ಲಿ ಸಂಘ ಕಟ್ಟಿಕೊಂಡರು, ಮುಂದೆ ಪಿಂಚಣಿ ಕೇಳಿ ಪಡೆದರು. ಅವರಿಗೆ ಬಾಯಿತ್ತು, ಸಹಿ ಹಾಕದೆ ಮನೆಗೆ ಹೋಗುವ ಹಕ್ಕೂ ಇತ್ತು. ಹೋರಿಯ ಪರವಾಗಿ ಇರುವುದು ಅಭಿಮಾನಿ ಬಳಗವೊಂದೇ. ಬಾವುಟ ಹಿಡಿದು, ಹೋರಿಯ ಹೆಸರಿನ ಟೀಶರ್ಟ್ ತೊಟ್ಟು ಊರೂರು ಸುತ್ತುವ ಹುಡುಗರು ಅವರು. ಹೆಸರಾದ ಹೋರಿ ಸತ್ತರೆ ಟ್ರ್ಯಾಕ್ಟರಿನಲ್ಲಿ ಹೂವಿನ ಮೆರವಣಿಗೆ ಮಾಡಿ, ಭಜನೆ ಹಾಡಿಸಿ, ಪೂಜೆ ಮಾಡಿ ಮಣ್ಣು ಮಾಡುತ್ತಾರೆ. ಅದಕ್ಕೆಲ್ಲ ವಂತಿಗೆ ಎತ್ತುವುದು ಅವರಿಗೆ ಕಷ್ಟವೇನಲ್ಲ. ಆ ವಂತಿಗೆಯನ್ನು ಹೋರಿ ಬದುಕಿರುವಾಗಲೇ, ಓಟ ನಿಂತ ವರ್ಷದಿಂದಲೇ ಎತ್ತಬಹುದು. ಓಟದ ಸಮಿತಿಗಳೂ ಪ್ರವೇಶ ಶುಲ್ಕದಲ್ಲಿ ಒಂದು ಪಾಲು ತೆಗೆದಿಟ್ಟರೆ, ನಾಲ್ಕು ತಾಲ್ಲೂಕಿನ ಮುದಿ ಹೋರಿಗಳಿಗೆ ವರ್ಷದ ಮೇವಿಗೊಂದು ದಾರಿಯಾದೀತು.