ಸವಾಲಿಲ್ಲದ ಜವಾಬು

ವಿಜಯಪುರದಿಂದ ಬಬಲೇಶ್ವರದ ಕಡೆಗೆ, ಡೋಣಿ ಹೊಳೆಯ ಎರೆಸೀಮೆಯಲ್ಲಿರುವ ಸಾರವಾಡ ಮತ್ತು ಅದರ ಸುತ್ತಿನ ಹಳ್ಳಿಗಳು ಗೀಗಿಪದ, ಡೊಳ್ಳಿನ ಪದ, ಮೊಹರಮ್ಮಿನ ರಿವಾಯತುಗಳ ನೆಲ. ಇಂಥ ಹಾಡುಗಾರಿಕೆಯನ್ನು ಪುಸ್ತಕದಲ್ಲಿ ಉಳಿಸುವ ಮಾತು ಸಾಮಾನ್ಯವಾಗಿ ಸಂಗ್ರಹ, ಮುದ್ರಣ, ಅನುದಾನಗಳ ಮಾತಾಗಿಯೇ ಮುಗಿಯುತ್ತದೆ. ಆದರೆ ಹಾಡಿದವನು ಹೋದ ಮೇಲೆ ಉಳಿಯಬೇಕಾದುದು ಅವನ ಹೆಸರೋ, ಹಾಡಿನ ಮಾತೋ, ಆ ಮಾತನ್ನು ಹುಟ್ಟಿಸಿದ ವಾದವೋ ಎಂಬುದು ತಾತ್ವಿಕ ಪ್ರಶ್ನೆಯಾಗಿದ್ದು, ಅದಕ್ಕೆ ಈ ಸೀಮೆಯ ಹಾಡುಗಾರರ ಕಟ್ಟುಪಾಡುಗಳಲ್ಲಿಯೇ ಉತ್ತರದ ಜಾಡು ಸಿಗುತ್ತದೆ.

ಹಲಸಂಗಿಯ ಗೆಳೆಯರೆಂದೇ ಹೆಸರಾದ ಬಳಗ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡಿದ ತ್ರಿಪದಿಗಳ ಸಂಗ್ರಹ. ಈ ಪದಗಳಿಗೆ ಅಂಕಿತವಿಲ್ಲ; ಅಂದರೆ ಕಟ್ಟಿದವಳ ಗುರುತು ಹೇಳುವ ನುಡಿಮುದ್ರೆ ಅವುಗಳಲ್ಲಿ ಇಲ್ಲ. ಇದೇ ವಿಜಯಪುರದ, ಅಂದರೆ ಅಂದಿನ ಬಿಜಾಪುರದ ಸೂಫಿಗಳ ಹೆಸರಿಗೆ ಸೇರಿದ ದಖನಿ ಭಾಷೆಯ ‘ಚಕ್ಕಿನಾಮಾ’ಗಳೂ ಬೀಸುಕಲ್ಲಿನ ಲಯಕ್ಕೆ ಜಿಕ್ರ್, ಎಂದರೆ ದೇವರ ನಾಮಸ್ಮರಣೆಯನ್ನು ಹೊಂದಿಸಿದ ಹಾಡುಗಳೇ ಆಗಿದ್ದು, ಅಲ್ಲಿ ಕಟ್ಟಿದವನ ಹೆಸರು ಹಸ್ತಪ್ರತಿಗೆ ಬಂದರೂ ಬೀಸುತ್ತ ಹಾಡಿದವಳ ಹೆಸರು ಬರಲಿಲ್ಲ. ಇಂಥ ಅನಾಮಿಕತೆಯನ್ನು ವೈರಾಗ್ಯವೆಂದು ಹೊಗಳುವುದು ಸುಲಭವಾದರೂ, ಹೆಸರು ಹೇಳುವ ಅವಕಾಶವೇ ಸಿಗದವರ ಮೌನವನ್ನು ತ್ಯಾಗವೆಂದು ಕರೆಯುವಾಗ ತುಸು ಸಂಕೋಚವಿರುವುದು ಒಳ್ಳೆಯದು.

ಲಾವಣಿಯ ರೀತಿ ಬೇರೆ. ಕೊನೆಯ ನುಡಿಯಲ್ಲಿ ಊರು, ಗುರು, ಕವಿ, ಕೆಲವೊಮ್ಮೆ ಹಾಡುವವನನ್ನೂ ಹೆಸರಿಸುವುದು ಅದರ ಪದ್ಧತಿ. ವಿಜಯಪುರದಲ್ಲಿ ನೆಲೆಸಿ ತಾಳೆಗರಿಗಳನ್ನು ಅರಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸುವ ಹೊತ್ತಿಗೆ ಯಾವ ವಚನ ಯಾರದೆಂದು ತಿಳಿಯಲು ನೆರವಾದದ್ದೂ ಅಂಕಿತವೇ, ಆದರೆ ವಚನಕಾರನು ತನ್ನ ಹೆಸರಿರಬೇಕಾದಲ್ಲಿ ಇಷ್ಟದೈವವನ್ನು ಇಟ್ಟರೆ, ಲಾವಣಿಕಾರನು ತನ್ನನ್ನೂ ತನ್ನ ಊರನ್ನೂ ನೇರವಾಗಿ ಇಡುತ್ತಾನೆ. ಹಲಸಂಗಿಯ ಲಾವಣಿಕಾರ ಖಾಜಾಭಾಯಿಯ ಹೆಸರಿಗೆ ಊರು ಅಂಟಿಕೊಂಡೇ ಬರುವುದು ಆ ಪರಂಪರೆಗೆ ತಕ್ಕುದಾಗಿದೆ. ಹೀಗಿರುವಾಗ ಕೊನೆಯ ನುಡಿಯನ್ನು ಕಾವ್ಯಗುಣವಿಲ್ಲವೆಂದು ಬಿಟ್ಟು ಅಚ್ಚುಹಾಕುವ ಸಂಪಾದಕನು ಕಲಾವಿದನು ತಾನೇ ಬರೆದಿಟ್ಟ ಉಯಿಲನ್ನು ಹರಿದಂತಾಗುತ್ತದೆ.

ಇದಕ್ಕಿಂತ ಬಿಕ್ಕಟ್ಟಿನ ಸಂಗತಿ ಹರದೇಶಿ–ನಾಗೇಶಿ ವಾದದ್ದು. ಡಪ್ಪು, ತುಂತುಣಿ, ತಾಳಗಳೊಡನೆ ಎರಡು ಮೇಳಗಳು ಎದುರುಬದುರಾಗಿ ನಿಂತು, ಹರದೇಶಿಯವರು ಪುರುಷತತ್ತ್ವವನ್ನೂ ನಾಗೇಶಿಯವರು ಸ್ತ್ರೀತತ್ತ್ವ ಅಥವಾ ಶಕ್ತಿಯನ್ನೂ ಹೆಚ್ಚೆಂದು ಸಾಧಿಸುತ್ತ, ಪುರಾಣದ ಒಗಟುಗಳನ್ನು ಸವಾಲಾಗಿ ಒಡ್ಡಿ ಜವಾಬು ಕೇಳುತ್ತ ಬೆಳತನಕ ಹಾಡುವ ಈ ಪರಂಪರೆಯಲ್ಲಿ, ಸಾಂಖ್ಯ ದರ್ಶನದವರು ಪುರುಷ–ಪ್ರಕೃತಿ ಎಂದು ವಿಂಗಡಿಸಿದ ವಿಚಾರ ಊರ ಬಯಲಿಗೆ ಇಳಿಯುತ್ತದೆ. ಸಾಂಖ್ಯರು ತಮ್ಮ ನಿರ್ಣಯವನ್ನು ಸೂತ್ರದಲ್ಲಿ ಕಟ್ಟಿಟ್ಟರೆ, ಇಲ್ಲಿ ಒಂದು ರಾತ್ರಿ ಗೆದ್ದ ಪಕ್ಷ ಮತ್ತೊಂದು ಜಾತ್ರೆಯಲ್ಲಿ ಸೋಲಬಹುದಾದ್ದರಿಂದ ನಿರ್ಣಯವೆಂಬುದು ಎಂದೂ ಕೊನೆಯದಾಗುವುದಿಲ್ಲ. ಪುರುಷನಿಲ್ಲದೆ ಪ್ರಕೃತಿಯಿಲ್ಲ ಎಂಬುದನ್ನು ಎದುರಾಳಿಯಿಲ್ಲದೆ ಹಾಡಿಲ್ಲ ಎಂಬ ಕಟ್ಟಳೆಯೇ ಬದುಕಿ ತೋರಿಸುತ್ತದೆ. ಆದರೆ ಒಬ್ಬ ಕವಿಯ ಸಮಗ್ರ ಹಾಡುಗಳೆಂದು ಬರುವ ಪುಸ್ತಕದಲ್ಲಿ ಒಂದೇ ಪಕ್ಷದ ಮಾತು ಸಾಲಾಗಿ ನಿಲ್ಲುವುದರಿಂದ, ಪರಂಪರೆ ಬೇಕೆಂದೇ ತೆರೆದಿಟ್ಟ ವಾದವನ್ನು ಮುದ್ರಣವು ತನಗರಿವಿಲ್ಲದೆ ಮುಚ್ಚಿಬಿಡುತ್ತದೆ, ಕವಿಯ ಮೇಲಿನ ಗೌರವವೇ ಅವನ ವಾದದ ಅರ್ಧವನ್ನು ಅಳಿಸುತ್ತದೆ.

ಪುಸ್ತಕ ಬೇಡವೆಂದು ಇದರ ಅರ್ಥವಲ್ಲ. ‘ಗರತಿಯ ಹಾಡು’ ಅಚ್ಚಾಗದಿದ್ದರೆ ಬೀಸುಕಲ್ಲುಗಳು ಹಿಟ್ಟಿನ ಗಿರಣಿಗೆ ಸೋತ ಮೇಲೆ ಆ ಪದಗಳಲ್ಲಿ ಎಷ್ಟು ಉಳಿಯುತ್ತಿದ್ದವೆಂದು ಊಹಿಸುವುದು ಕಷ್ಟವೇನಲ್ಲ. ಆದರೆ ಸಾರವಾಡದಲ್ಲಿ ಒಂದು ಜವಾಬನ್ನು ಬರೆದುಕೊಂಡ ಸಂಗ್ರಾಹಕನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ; ಅದಕ್ಕೆ ಸವಾಲು ಹಾಕಿದ ಮೇಳ ಯಾವ ಊರಿನದೆಂದು ಕೇಳಿಕೊಂಡು ಅವನು ಆ ಊರಿಗೂ ಹೋಗಬೇಕಾಗುತ್ತದೆ.