ಗೆರೆ ಎಳೆದವರ ಹೊಣೆ

ಸಿಂದಗಿ ತಾಲ್ಲೂಕಿನ ಮೋರಟಗಿ ಕಡೆಯ ನಮ್ಮ ಕೇರಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಮನೆಮನೆಗೆ ಕೀಲಿ ಬೀಳುತ್ತದೆ. ಗಂಡ ಹೆಂಡಿರು ಮಕ್ಕಳನ್ನು ಮುದುಕಿಯ ಮಡಿಲಿಗೆ ಹಾಕಿ ಪುಣೆ, ಮುಂಬಯಿ, ಗೋವಾ ಅಂತ ದುಡಿಯಾಕ ಹೋಗುತ್ತಾರೆ. ಅಲ್ಲಿಂದ ಬ್ಯಾಂಕಿಗೆ ರೊಕ್ಕ ಬರುತ್ತದೆ. ಒಂದು ಪಾಲು ಹೊಟ್ಟೆಗೆ, ಒಂದು ಪಾಲು ಸಾಲಕ್ಕೆ, ಉಳಿದರೆ ಒಂದು ಪಾಲು ದವಾಖಾನಿಗೆ. ಆರೋಗ್ಯದ ಉಳಿತಾಯ ಎಂದು ಇದಕ್ಕೆ ಯಾರೂ ಹೆಸರಿಟ್ಟಿಲ್ಲ. "ಜಡ್ಡು ಜಾಪತ್ರಿಗೆ ಇರ್ಲಿ" ಅಂತಾರೆ, ಅಷ್ಟೆ.

ಹೀಗೆ ಕೂಡಿಟ್ಟ ಒಬ್ಬ ತಾಯಿಯ ಸಂಗತಿ ಕೇಳಿ. ಆಧಾರ್ ಕಾರ್ಡು ಇನ್ನೂ ಎಲ್ಲರ ಕೈಗೆ ಬಾರದ ದಿನಗಳ ಮಾತು. ರೇಶನ್ ಕಾರ್ಡಿನಲ್ಲಿ ಆಕೆಗೆ ಒಂದು ಹೆಸರು, ಓಟಿನ ಚೀಟಿಯಲ್ಲಿ ಇನ್ನೊಂದು. ಹಾಗಾಗಿ ಬ್ಯಾಂಕಿನವರು 'ಸಣ್ಣ ಖಾತೆ' ತೆರೆದರು. ಫೋಟೋ ಅಂಟಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಗ ಕಳಿಸಿದ್ದು ಕೂಡಿ ಕೂಡಿ 38,000 ರೂಪಾಯಿ ಆಯಿತು. ಆಪರೇಷನ್ನಿನ ದಿನ ಗೊತ್ತಾಗಿ ಆಕೆ ರೊಕ್ಕ ಕೇಳಲು ಹೋದಳು.

"ಯಮ್ಮಾ, ಈ ಖಾತೆದಾಗ ತಿಂಗಳಿಗೆ ಹತ್ತು ಸಾವಿರದ ಮ್ಯಾಲ ತಗಿಯಾಕ ಬರೂದಿಲ್ಲ."

"ರೊಕ್ಕ ನಂದಲ್ರೀ ಸಾಹೇಬ್ರ?"

"ರೊಕ್ಕ ನಿಂದ. ರೂಲ್ಸ್ ಹಂಗೈತಿ."

ಉಳಿದ 28,000ವನ್ನು ಆಕೆ ನೂರಕ್ಕೆ ತಿಂಗಳಿಗೆ ಐದರ ಬಡ್ಡಿಯಲ್ಲಿ ತಂದಳು. ತಿಂಗಳಿಗೆ 1,400 ಬಡ್ಡಿ. ಆಕೆಯ ಸ್ವಂತ ರೊಕ್ಕ ಬ್ಯಾಂಕಿನಲ್ಲಿ ಸುರಕ್ಷಿತವಾಗಿತ್ತು. ಆಕೆಯಿಂದಲೂ ಸುರಕ್ಷಿತವಾಗಿತ್ತು!

ಇಲ್ಲಿ ತಪ್ಪು ಯಾರದು? ನಿಯಮ ತಿಳಿಯದ ತಾಯಿಯದೋ? ನಿಯಮ ತಿಳಿದೂ ಹೇಳದ ಬ್ಯಾಂಕಿನದೋ? ಮೇಲುನೋಟಕ್ಕೆ ಇದು ಲೆಕ್ಕದ ಪ್ರಶ್ನೆ. ನಮಗೆ ಇದು ನೀತಿಯ ಪ್ರಶ್ನೆ.

ನಿಯಮ ಏನೆಂದು ಮೊದಲು ನೋಡೋಣ. ಕಾಗದಪತ್ರ ಇಲ್ಲದ ಬಡವರಿಗಾಗಿ 2005ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಷರತ್ತು ಸಡಿಲಿಸಿತು. ಖಾತೆಯಲ್ಲಿ 50,000ಕ್ಕಿಂತ ಹೆಚ್ಚು ಇರಬಾರದು, ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮಾ ಆಗಬಾರದು. ಮೀರಿದರೆ ಪೂರ್ತಿ ಕಾಗದ ಕೊಡುವವರೆಗೆ ವ್ಯವಹಾರ ಬಂದ್. ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತಿತ್ತು. ಖಾತೆ ತೆರೆಯುವಾಗಲೇ ಇದನ್ನು ತಿಳಿಸಿ ಹೇಳಬೇಕು. ಉಳಿಕೆ 40,000 ಮುಟ್ಟಿದಾಗ ಅಥವಾ ವರ್ಷದ ಜಮಾ 80,000 ಮುಟ್ಟಿದಾಗ ಗಿರಾಕಿಯನ್ನು ಎಚ್ಚರಿಸಬೇಕು. ಮುಂದೆ 2010ರ ಡಿಸೆಂಬರಿನಲ್ಲಿ 'ಸಣ್ಣ ಖಾತೆ'ಯ ನಿಯಮ ಬಂತು. ತಿಂಗಳಿಗೆ 10,000ದ ಗೆರೆ ಅದರಲ್ಲಿ ಇದೆ. ವ್ಯವಹಾರ ನಡೆಯುವ ಮೊದಲೇ ಮಿತಿ ಮೀರದಂತೆ ಕಾಯಬಲ್ಲ ಶಾಖೆಯಲ್ಲಷ್ಟೇ ಇಂಥ ಖಾತೆ ತೆರೆಯಬೇಕೆಂದೂ ಇದೆ.

ಅಂದರೆ ಮಿತಿಯನ್ನು ಕಾಯುವ ಹೊಣೆ ಬ್ಯಾಂಕಿನದೇ. ಇದರಲ್ಲಿ ಅನುಮಾನವಿಲ್ಲ. ಆದರೆ ಕಾಯುವುದು ಎರಡು ಥರ. ಹೊಲದ ಕಾವಲುಗಾರನೂ ಕಾಯುತ್ತಾನೆ, ಜಡ್ಡು ಬಿದ್ದ ಕೂಸಿನ ಮಗ್ಗುಲಲ್ಲಿ ತಾಯಿಯೂ ಕಾಯುತ್ತಾಳೆ. ಮೊದಲನೆಯದರಲ್ಲಿ ಅನುಮಾನ ಇದೆ, ಎರಡನೆಯದರಲ್ಲಿ ಕಾಳಜಿ ಇದೆ. 50,000ಕ್ಕೆ ತಡೆಯುವುದು ಕಾವಲು. 40,000ಕ್ಕೆ ಕರೆದು ಹೇಳುವುದು ಕಾಳಜಿ. ಕಾವಲನ್ನು ಯಂತ್ರಕ್ಕೆ ಕಲಿಸಿದ ಮಂದಿ ಕಾಳಜಿಯನ್ನು ಯಾಕೆ ಕಲಿಸಲಿಲ್ಲ?

ಇನ್ನೊಂದು ಉದಾಹರಣೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತಕ್ಕೆ 2 ಲಕ್ಷದ ವಿಮೆ ಇದೆ. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನಿನಿಂದ 20 ಆಯಿತು. ಒಬ್ಬರಿಗೆ ಒಂದೇ ಖಾತೆಯಿಂದ ಮಾತ್ರ ಅವಕಾಶ. ಊರಲ್ಲೊಂದು, ಪುಣೆಯಲ್ಲೊಂದು ಖಾತೆ ಇದ್ದು ಎರಡರಿಂದಲೂ ಕಂತು ಹೋದರೆ ವಿಮೆ ಒಂದಕ್ಕೇ. ಹೆಚ್ಚಿನ ಕಂತನ್ನು ಮುಟ್ಟುಗೋಲು ಹಾಕಿಕೊಳ್ಳಬಹುದೆಂದು ಯೋಜನೆಯ ನಿಯಮವೇ ಹೇಳುತ್ತದೆ. ಎರಡು ಬ್ಯಾಂಕುಗಳು ಒಂದರ ಲೆಕ್ಕ ಒಂದು ನೋಡಲಾರವು ಎನ್ನಬಹುದು. ಒಂದೇ ಬ್ಯಾಂಕಿನ ಎರಡು ಶಾಖೆಗಳೂ ನೋಡಲಾರವೇ? ಇಪ್ಪತ್ತು ರೂಪಾಯಿ ಸಣ್ಣದೆನ್ನಬೇಡಿ. ಮುರಿಯಬಾರದ ನೀತಿ ಸಣ್ಣ ದುಡ್ಡಿನಲ್ಲೂ ಮುರಿಯುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದಲ್ಲಿ 2003ರ ಕಾಯಿದೆಯಿಂದ ದವಾಖಾನಿ ಖರ್ಚಿಗೆಂದೇ ತೆರಿಗೆಯಿಲ್ಲದ ಉಳಿತಾಯ ಖಾತೆ ಇದೆ. ಅದಕ್ಕೂ ವರ್ಷದ ಮಿತಿ ಉಂಟು. ಬ್ಯಾಂಕು ತನ್ನ ಖಾತೆಯೊಳಗಿನ ಮೇಲಿನ ಗೆರೆ ನೋಡಿಕೊಂಡರೆ ಸಾಕು; ತನಗೆ ಎಷ್ಟು ತುಂಬಲು ಹಕ್ಕಿದೆ ಎಂಬ ಲೆಕ್ಕ ತುಂಬಿದವನದೇ. ಹೆಚ್ಚಾದದ್ದನ್ನು ಹೊತ್ತಿಗೆ ಸರಿಯಾಗಿ ಹೊರಗೆ ತೆಗೆಯದಿದ್ದರೆ ವರ್ಷವರ್ಷವೂ ನೂರಕ್ಕೆ ಆರರ ದಂಡ. ಅಲ್ಲಿನವರು ಓದಿದವರು, ಲೆಕ್ಕಿಗರನ್ನು ಇಟ್ಟುಕೊಳ್ಳಬಲ್ಲವರು ಎಂದು ಸಮರ್ಥಿಸಬಹುದೇನೋ. ಪಾಸ್‌ಬುಕ್ ತಿರುಗಮುರುಗ ಹಿಡಿಯುವ ನಮ್ಮ ಅವ್ವಂದಿರ ತಲೆಗೆ ಅದೇ ನೀತಿ ಕಟ್ಟುವುದು ಯಾವ ನ್ಯಾಯ?

ಬ್ಯಾಂಕಿನ ಗುಮಾಸ್ತರ ಮಾತನ್ನೂ ನಾವು ಕೇಳಬೇಕು. ಅವರೂ ದುಡಿಯುವವರೇ. "ಸಾವಿರಾರು ಖಾತೆ, ಇಬ್ಬರು ಮಂದಿ, ಎಷ್ಟಂತ ಹೇಳೋಣ?" ಅನ್ನುತ್ತಾರೆ. ನಿಜ. ಕಪ್ಪುಹಣ ತಡೆಯಲು ಮಿತಿ ಬೇಕು ಅನ್ನುತ್ತಾರೆ. ಅದೂ ನಿಜ. ಮಿತಿಯೇ ಬೇಡವೆಂದು ನಾವು ಹೇಳುತ್ತಿಲ್ಲ. ಮಿತಿಯನ್ನು ಬಲ್ಲವನಿಗೆ, ಬರೆದಿಟ್ಟವನಿಗೆ, ತಡೆಯುವ ಶಕ್ತಿ ಇರುವವನಿಗೆ ಮೊದಲೇ ಹೇಳುವ ಹೊಣೆಯೂ ಇದೆ ಎನ್ನುತ್ತೇವೆ. ಹೇಳದೆ ತಡೆದರೆ ಅದು ಕಾನೂನಿನಲ್ಲಿ ಸರಿ ಇದ್ದೀತು, ನ್ಯಾಯದಲ್ಲಿ ಸರಿಯಲ್ಲ.

ನಮಗೆ ಗೆರೆಗಳು ಹೊಸವಲ್ಲ ಗೆಳೆಯರೇ. ಬಾವಿಯಿಂದ ಎಷ್ಟು ದೂರ, ಚಾದಂಗಡಿಯಲ್ಲಿ ಯಾವ ಕಪ್ಪು, ಗುಡಿಯ ಯಾವ ಮೆಟ್ಟಿಲ ತನಕ, ಎಲ್ಲದಕ್ಕೂ ಗೆರೆ. ಎಳೆದವರು ಅವರು. ನೆನಪಿಟ್ಟುಕೊಳ್ಳಬೇಕಾದವರು ನಾವು. ದಾಟಿದರೆ ದಂಡ ನಮಗೆ. ಬ್ಯಾಂಕಿನ ಗೆರೆಗೆ ಜಾತಿಯ ಹೆಸರಿಲ್ಲ, ಒಪ್ಪೋಣ. ಆದರೆ ಕಾಗದ ಇಲ್ಲದವರು ಯಾರು, ಹೆಸರು ತಪ್ಪಾಗಿ ಬರೆಸಿಕೊಂಡವರು ಯಾರು ಎಂದು ಹುಡುಕುತ್ತ ಹೋದರೆ ದಾರಿ ಮತ್ತೆ ನಮ್ಮ ಕೇರಿಗೇ ಬರುತ್ತದೆ.

ಈಗ ಆಧಾರ್ ಬಂದು ಸಣ್ಣ ಖಾತೆಗಳು ಕಡಿಮೆಯಾಗಿವೆ. ಆದರೆ 2014ರಲ್ಲಿ ಶುರುವಾದ ಜನಧನ ಖಾತೆಗಳಿಗೆ ಹತ್ತು ವರ್ಷ ತುಂಬಿ ಮತ್ತೆ ಕಾಗದ ಕೇಳುವ ಕಾಲ ಬಂತು. 2025ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಇದಕ್ಕೊಂದು ಒಳ್ಳೆಯ ನಿಯಮ ಮಾಡಿತು: ಅವಧಿಗೆ ಮೊದಲು ಕಡಿಮೆಯೆಂದರೂ ಮೂರು ಸಲ ತಿಳಿಸಬೇಕು, ಆಮೇಲೂ ಮೂರು ಸಲ ನೆನಪಿಸಬೇಕು, ಎರಡರಲ್ಲೂ ಒಂದೊಂದು ಸಲ ಪತ್ರದ ಮೂಲಕವೇ. ಹೇಳುವ ಹೊಣೆ ತನ್ನದೆಂದು ವ್ಯವಸ್ಥೆಯೇ ಒಪ್ಪಿದಂತಾಯಿತು. ಆದರೆ ಆ ಪತ್ರ ಕೀಲಿ ಹಾಕಿದ ಮನೆಗೆ ಬಂದರೆ ಓದುವವರು ಯಾರು?

ಇಲ್ಲಿ ನಮ್ಮ ಕೆಲಸ ಶುರುವಾಗುತ್ತದೆ. ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ಬರೆದವರು. ರೊಕ್ಕದ ವಿಚಾರ ಸಾವುಕಾರರದು ಎಂದು ನಾವು ಸುಮ್ಮನಿರುವ ಹಾಗಿಲ್ಲ. ಮೇಷ್ಟ್ರುಗಳೇ, ಕಾಲೇಜು ಹುಡುಗರೇ, ತಿಂಗಳಿಗೊಂದು ಐತವಾರ ಕೇರಿಯ ಕಟ್ಟೆಯ ಮೇಲೆ ಕೂತು ಪಾಸ್‌ಬುಕ್ಕುಗಳನ್ನು ಗಟ್ಟಿಯಾಗಿ ಓದಿ ಹೇಳೋಣ. ಖಾತೆ ಯಾವ ಥರದ್ದು, ಮಿತಿ ಎಷ್ಟು, ಕಂತು ಎರಡು ಕಡೆ ಹೋಗಿದೆಯೇ ನೋಡೋಣ. ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳೋಣ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯೋಣ.

ನಾವು ಓದಿ ಹೇಳಿದ ಮಾತ್ರಕ್ಕೆ ಬ್ಯಾಂಕಿನ ಹೊಣೆ ತೀರುವುದಿಲ್ಲ. ಅದನ್ನು ಅವರಿಗೆ ನೆನಪಿಸುವುದೂ ನಮ್ಮ ಕೆಲಸವೇ. ಆ ತಾಯಿಯ ಬಡ್ಡಿಯ ಲೆಕ್ಕ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲ. ನಾವಾದರೂ ಬರೆದಿಡೋಣ.