ಹಿಂದಿರುಗುವ ಧರ್ಮ

ಕಾರ್ಯಕ್ಕೆ ತೊಡಗುವ ಜನರನ್ನು ಭರ್ತೃಹರಿಯು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ವಿಘ್ನಭಯದಿಂದ ಆರಂಭವನ್ನೇ ಮಾಡದವರು ಅಧಮರು. ಆರಂಭಿಸಿ, ವಿಘ್ನವೊದಗಲು ಬಿಟ್ಟುಬಿಡುವವರು ಮಧ್ಯಮರು. ಮೇಲಿಂದ ಮೇಲೆ ಪೆಟ್ಟು ಬಿದ್ದರೂ ಬಿಡದವರು ಉತ್ತಮರು. ಹಾಗಾದರೆ ಗುರಿಯ ಸಮೀಪದವರೆಗೂ ಹೋಗಿ, ಕಾಲುಗಳಲ್ಲಿ ಇನ್ನೂ ಕೊಂಚ ಶಕ್ತಿಯಿರುವಾಗಲೇ ಹಿಂದಿರುಗಿ ಬಂದವನನ್ನು ಯಾವ ಪಂಕ್ತಿಯಲ್ಲಿ ಕುಳ್ಳಿರಿಸಬೇಕು?

ಈ ಪ್ರಶ್ನೆಗೆ ದಕ್ಷಿಣಧ್ರುವದ ಹಿಮಭೂಮಿಯಲ್ಲಿ ನಡೆದ ಒಂದು ದಿನದ ನಡಿಗೆಯು ತಕ್ಕ ನಿದರ್ಶನವಾಗಿದೆ. ಅರ್ನೆಸ್ಟ್ ಷ್ಯಾಕಲ್ಟನ್ ಎಂಬ ನಾಯಕನು ವೈಲ್ಡ್, ಮಾರ್ಷಲ್, ಆಡಮ್ಸ್ ಎಂಬ ಮೂವರೊಡನೆ ೧೯೦೮ನೆಯ ಇಸವಿ ಅಕ್ಟೋಬರ್ ೨೯ರಂದು ಧ್ರುವವನ್ನರಸಿ ಹೊರಟನು. ಅದುವರೆಗೆ ಯಾವ ಮನುಷ್ಯನೂ ಅಲ್ಲಿಗೆ ಹೋಗಿರಲಿಲ್ಲ. ಹೊರೆಯೆಳೆಯಲು ತಂದಿದ್ದ ನಾಲ್ಕು ತಟ್ಟುಗಳೂ ದಾರಿಯಲ್ಲೇ ಅಳಿದುವು. ಕೊನೆಯದು ಹಿಮದ ಬಿರುಕಿನಲ್ಲಿ ಬಿದ್ದು ಕಣ್ಮರೆಯಾಯಿತು. ಆಮೇಲೆ ಆ ನಾಲ್ವರು ತಾವೇ ಬಂಡಿಯನ್ನೆಳೆಯುತ್ತ, ದಿನದಿನದ ಅನ್ನವನ್ನು ಕಡಮೆಮಾಡಿಕೊಳ್ಳುತ್ತ, ಸಮುದ್ರಮಟ್ಟದಿಂದ ೧೦,೦೦೦ ಅಡಿಗಳಿಗೂ ಎತ್ತರದ ಪ್ರಸ್ಥಭೂಮಿಯನ್ನೇರಿದರು. ಸೂರ್ಯನು ಮುಳುಗದ ಬೇಸಗೆಯಾದರೂ ಅಲ್ಲಿಯ ಗಾಳಿಯು ಕರುಣೆಯನ್ನರಿಯದು. ಜನವರಿ ೭, ೮ನೆಯ ತಾರೀಖುಗಳಂದು ಬಿರುಗಾಳಿಯು ಅವರನ್ನು ಡೇರೆಯೊಳಗೇ ಸೆರೆಯಿಟ್ಟಿತು.

ಗಾಳಿ ತಗ್ಗಲು, ೯ನೆಯ ತಾರೀಖು ಬೆಳಗಿನ ಜಾವ ನಾಲ್ಕು ಗಂಟೆಗೆ ಬಂಡಿಯನ್ನೂ ಡೇರೆಯನ್ನೂ ಅಲ್ಲಿಯೇ ಬಿಟ್ಟು, ಅರೆ ಓಟ ಅರೆ ನಡಿಗೆಯಿಂದ ದಕ್ಷಿಣಕ್ಕೆ ನಡೆದರು. ಒಂಬತ್ತು ಗಂಟೆಗೆ ಅವರು ನಿಂತ ಸ್ಥಳವು ದಕ್ಷಿಣ ಅಕ್ಷಾಂಶ ೮೮ ಡಿಗ್ರಿ ೨೩ ಮಿನಿಟು. ಧ್ರುವವು ಇನ್ನು ೯೭ ನಾವಿಕ ಮೈಲಿ ದೂರದಲ್ಲಿತ್ತು. ಬಾವುಟವನ್ನು ನೆಟ್ಟು, ಮುಂದಿನ ಬಿಳಿಯ ಬಯಲನ್ನು ದುರ್ಬೀನಿನಿಂದ ನೋಡಿ, ನಾಲ್ವರೂ ಹಿಂದಿರುಗಿದರು.

ಮುಂದೆ ಹೋಗದಂತೆ ಅವರನ್ನು ಅಂದು ತಡೆದವರಾರೂ ಇಲ್ಲ. ತಡೆದುದು ಲೆಕ್ಕವೊಂದೇ. ೯೭ ಮೈಲಿ ಹೋಗುವುದಾದರೆ ಅಷ್ಟನ್ನೇ ಮರಳಿ ಬರಬೇಕು. ಆ ೧೯೪ ಮೈಲಿಗೆ ಬೇಕಾದ ಆಹಾರವಿಲ್ಲ. ಧ್ರುವವು ಸಿಕ್ಕೀತು, ಮನೆಯು ಸಿಕ್ಕದು. ಅಭಿಮನ್ಯುವು ಚಕ್ರವ್ಯೂಹವನ್ನು ಹೊಗಬಲ್ಲವನಾಗಿದ್ದನು, ಹೊರಬರುವ ವಿದ್ಯೆಯನ್ನರಿಯನು. ಆ ಬಾಲಕನ ಕೀರ್ತಿಯು ನಿಷ್ಕಳಂಕವಾದುದು. ಆದರೆ ಅದನ್ನು ತಿಳಿದೂ ಒಳಗೆ ಕಳುಹಿಸಿದ ಹಿರಿಯರ ದುಃಖಕ್ಕೆ ಕೊನೆಯುಂಟೆ? ತನ್ನ ಪ್ರಾಣವೊಂದನ್ನೇ ಪಣವಿಡುವವನ ಧರ್ಮ ಬೇರೆ, ಮೂವರ ಪ್ರಾಣವನ್ನು ಕೈಯಲ್ಲಿ ಹಿಡಿದವನ ಧರ್ಮ ಬೇರೆ.

ಇಲ್ಲಿ ಆಕ್ಷೇಪವೊಂದೇಳುವುದು. ಹೀಗೆಂದರೆ ಪ್ರತಿಯೊಬ್ಬ ಸೋಮಾರಿಯೂ ತನ್ನ ಹಿಂಜರಿಕೆಗೆ ವಿವೇಕವೆಂದು ಹೆಸರಿಡಲಾರನೆ? ಇಡಬಲ್ಲನು. ಅದಕ್ಕೇ ಪರೀಕ್ಷೆಯು ಅವಶ್ಯಕ. ಹಿಂದಿರುಗಿದುದರಿಂದ ನಷ್ಟವಾದುದು ಯಾರಿಗೆ, ಉಳಿದುದು ಯಾರದು? ಹಿಂದಿರುಗಿದ ಮೇಲೆ ಅವನ ಶ್ರಮವು ತಗ್ಗಿತೆ, ಹೆಚ್ಚಿತೆ? ಷ್ಯಾಕಲ್ಟನ್ನನು ಕಳೆದುಕೊಂಡುದು ಜೀವಮಾನದ ಕೀರ್ತಿಯನ್ನು. ಮರಳುವ ದಾರಿಯಲ್ಲಿ, ಜನವರಿ ೩೧ರಂದು, ವೈಲ್ಡನು ರೋಗದಿಂದ ತಟ್ಟುವಿನ ಮಾಂಸವನ್ನು ತಿನ್ನಲಾರದೆ ಹೋದಾಗ, ಅವನು ತನ್ನ ಪಾಲಿನ ಬಿಸ್ಕತ್ತನ್ನು ಬಲವಂತವಾಗಿ ಅವನ ಕೈಗಿತ್ತನು. ಕೊನೆಯಲ್ಲಿ ಮಾರ್ಷಲನು ನಡೆಯಲಾರದಾಗಲು ಆಡಮ್ಸನನ್ನು ಅವನ ಬಳಿ ಬಿಟ್ಟು, ವೈಲ್ಡನೊಡನೆ ಹಡಗನ್ನು ಸೇರಿದ ನಾಯಕನು, ವಿಶ್ರಾಂತಿಯನ್ನೊಲ್ಲದೆ ತಾನೇ ಮತ್ತೆ ಹಿಮಕ್ಕಿಳಿದು ಅವರಿಬ್ಬರನ್ನೂ ಕರೆತಂದನು. ಹೇಡಿಯ ನಡತೆ ಹೀಗಿರದು.

ಹಾಗೆಂದು ಅವನಲ್ಲಿ ದೋಷವೇ ಇಲ್ಲವೆನ್ನುವಂತಿಲ್ಲ. ಸಂಗಡಿಗರ ಅನ್ನವನ್ನು ಕುಗ್ಗಿಸುತ್ತ ಅವರನ್ನು ಮೃತ್ಯುವಿನ ಅಂಚಿಗೆ ತಂದವನೂ ಅವನೇ. ಕೆಲವು ದಿನಗಳ ಹಿಂದೆಯೇ ಹಿಂದಿರುಗಿದ್ದರೆ ಬಿಸ್ಕತ್ತಿನ ತ್ಯಾಗವೇ ಬೇಕಾಗುತ್ತಿರಲಿಲ್ಲ. ಮುಂದೆ ಹೋಗುವುದೇ ಅಧರ್ಮವೆಂದೂ ಅಲ್ಲ: ೧೯೧೧ನೆಯ ಇಸವಿ ಡಿಸೆಂಬರ್ ೧೪ರಂದು ಆಮುಂಡ್‌ಸೆನ್ನನು ನಾಯಿಬಂಡಿಗಳೊಡನೆ ಧ್ರುವವನ್ನು ಮುಟ್ಟಿ ಕ್ಷೇಮವಾಗಿ ಮರಳಿದನು. ೧೯೧೨ರ ಜನವರಿಯಲ್ಲಿ ಅಲ್ಲಿಗೆ ಹೋದ ಸ್ಕಾಟನೂ ಅವನ ನಾಲ್ವರು ಜೊತೆಗಾರರೂ ಮರಳುವ ದಾರಿಯಲ್ಲಿ ಮಡಿದರು. ಅವರ ಧೈರ್ಯಕ್ಕೆ ಲೋಕವು ತಲೆಬಾಗಿತು, ಬಾಗಿದುದು ಯುಕ್ತವೇ. ಆದರೂ ಅವರ ಮನೆಗಳಲ್ಲಿ ಕಾದಿದ್ದವರ ಪಾಲಿಗೆ ಧ್ರುವವೆಂಬುದು ದಾರಿಯ ನಡುವಿನ ಒಂದು ಸ್ಥಳಮಾತ್ರವಾಗಿತ್ತು; ಪ್ರಯಾಣದ ಕೊನೆಯು ಹೊಸ್ತಿಲಲ್ಲಿತ್ತು.

ಭರ್ತೃಹರಿಯ ಅಳತೆಗೋಲು ಇದರಿಂದ ಸುಳ್ಳಾಗಲಿಲ್ಲ. ಬಿಡಬಾರದ ಆ ಕಾರ್ಯವಾವುದೆಂಬುದನ್ನು ಮಾತ್ರ ಮೊದಲು ನಿಶ್ಚಯಿಸಬೇಕು. ಧ್ರುವವನ್ನು ಮುಟ್ಟುವುದೇ ಕಾರ್ಯವಾಗಿದ್ದರೆ ಷ್ಯಾಕಲ್ಟನ್ನನು ಮಧ್ಯಮನು. ನಂಬಿ ಬಂದವರನ್ನು ಕರೆದೊಯ್ದು ಕರೆತರುವುದು ಕಾರ್ಯವಾಗಿದ್ದರೆ, ಬಾವುಟ ನೆಟ್ಟ ಆ ಬೆಳಗ್ಗೆ ಅವನು ಅದನ್ನು ಬಿಡಲಿಲ್ಲ. ಅದರ ಕಠಿಣತರವಾದ ಅರ್ಧವನ್ನು ಆಗತಾನೇ ಆರಂಭಿಸಿದನು. ೧೯೦೯ನೆಯ ಇಸವಿ ಮಾರ್ಚ್ ೪ರಂದು ನಾಲ್ವರೂ ಹಡಗಿನಲ್ಲಿದ್ದಾಗ ಅದು ಮುಗಿಯಿತು.